ಬೈಕ್ ಕೊಟ್ಟು ಕಾರು ತರುವಾಗ ಹಿಂದಿನ ಸೀಟಿನಿಂದ ಶುರು ಮಾಡಿ: ಅಪ್ಪ ಆಗುತ್ತಿರುವ ಬೈಕ್ ಪ್ರಿಯರಿಗೆ ಸಮಗ್ರ ಮಾರ್ಗದರ್ಶಿ

ಐದನೇ ತಿಂಗಳ ಸ್ಕ್ಯಾನ್ ಮುಗಿಸಿ ಆಸ್ಪತ್ರೆಯಿಂದ ಹೊರಗೆ ಬಂದ ದಿನ ಹೆಂಡತಿ ಆಟೋದಲ್ಲಿ ಹೊರಟಳು, ನಾನು ನನ್ನ ಡ್ಯೂಕ್ 390 ಬೈಕ್ ಹತ್ತಿ ಅದರ ಹಿಂದೆಯೇ ತುಮಕೂರಿನ ಬಿ.ಎಚ್. ರಸ್ತೆಯ ಉದ್ದಕ್ಕೂ ನಿಧಾನವಾಗಿ ಬಂದೆ. ಹಂಪ್ ಬಂದಾಗಲೆಲ್ಲ ಅವಳು ಆಟೋದ ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳುವುದು ಹಿಂದಿನ ಪ್ಲಾಸ್ಟಿಕ್ ಕಿಟಕಿಯಲ್ಲಿ ಕಾಣುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ತೀರ್ಮಾನ ಆಗಿತ್ತು. ಬೈಕ್ ಕೊಡಬೇಕು, ಕಾರು ತರಬೇಕು.

ಆದರೆ ಎಂಥ ಕಾರು? ಬೈಕ್ ಇಷ್ಟಪಡುವವರಿಗೆ ಈ ಹೊತ್ತಿನಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಇನ್ನು ಆಟ ಸಾಕು, ಒಂದು ಫ್ಯಾಮಿಲಿ ಗಾಡಿ ತಗೋ ಅಂತ. ನಾನು ಅದನ್ನು ಒಪ್ಪುವುದಿಲ್ಲ. ಓಡಿಸುವುದರಲ್ಲಿ ಖುಷಿ ಇರುವವನು ಇಷ್ಟವೇ ಇಲ್ಲದ ಗಾಡಿ ತಂದರೆ ಆರು ತಿಂಗಳಲ್ಲಿ ಅದರ ಮೇಲೆ ಬೇಜಾರು ಬರುತ್ತದೆ. ಖುಷಿ ಕೊಡುವ ಕಾರನ್ನೇ ತನ್ನಿ. ಆದರೆ ಆರಿಸುವಾಗ ಸ್ಟೀರಿಂಗ್ ಕಡೆಯಿಂದ ಶುರು ಮಾಡಬೇಡಿ, ಹಿಂದಿನ ಸೀಟಿನ ಕಡೆಯಿಂದ ಶುರು ಮಾಡಿ. ಅಲ್ಲಿ ಪಾಸಾದ ಗಾಡಿಗಳಲ್ಲಿ ನಿಮಗೆ ಯಾವುದು ಹಿಡಿಸುತ್ತದೋ ಅದನ್ನು ಕೊಳ್ಳಿ.

ಮಗು ಆದ ಮೇಲೂ ಬೈಕೇ ಸಾಕಾಗಲ್ವಾ ಅಂತ ಕೇಳುವವರಿಗೆ ನಿಯಮ ಹೇಳಿಬಿಡುತ್ತೇನೆ. 2023ರ ಫೆಬ್ರವರಿ 15ರಿಂದ ನಾಲ್ಕು ವರ್ಷದ ಒಳಗಿನ ಮಗುವನ್ನು ಬೈಕಿನಲ್ಲಿ ಕೂರಿಸಿದರೆ ಓಡಿಸುವವರಿಗೆ ಮಗುವನ್ನು ಕಟ್ಟುವ ಸುರಕ್ಷಾ ಬೆಲ್ಟ್ ಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅಳತೆಯ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ದಾಟುವಂತಿಲ್ಲ. ಅದಕ್ಕಿಂತ ಚಿಕ್ಕ ಕೂಸಿನ ಕತ್ತು ಹೆಲ್ಮೆಟ್ ಭಾರ ತಡೆಯುವುದೇ ಇಲ್ಲ. ಮೊದಲ ವರ್ಷಕ್ಕೆ ಬೈಕ್ ಲೆಕ್ಕಕ್ಕೇ ಇಲ್ಲ ಅಂದುಕೊಳ್ಳಿ.

ಯಾವ ತಿಂಗಳಲ್ಲಿ ಯಾವ ಕೆಲಸ

ಮೊದಲು ಲೈಸೆನ್ಸ್ ತೆಗೆದು ನೋಡಿ. ನಮ್ಮಲ್ಲಿ ತುಂಬ ಜನರ ಹತ್ತಿರ ಬೈಕ್ ಲೈಸೆನ್ಸ್ ಮಾತ್ರ ಇರುತ್ತದೆ, ಕಾರು ಓಡಿಸಲು ಬರುತ್ತದೆ ಆದರೆ ಕಾಗದ ಇರುವುದಿಲ್ಲ. ಗೇರ್ ಬೈಕಿನ ಲೈಸೆನ್ಸ್‌ನಲ್ಲಿ ಕಾರು ಓಡಿಸಿ ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಜೊತೆ ಜಗಳ ಗ್ಯಾರಂಟಿ. ಕಾರಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ 30 ದಿನ ಕಾದು ಟೆಸ್ಟ್ ಕೊಡಬೇಕು. ಆರನೇ ತಿಂಗಳಲ್ಲಿ ಇದು ನೆನಪಾದರೆ ಒದ್ದಾಡುತ್ತೀರಿ, ನಾಲ್ಕನೇ ತಿಂಗಳಲ್ಲೇ ಮುಗಿಸಿ.

ಐದರಲ್ಲಿ ಬೈಕ್ ಮಾರಾಟ ಮತ್ತು ಕಾರು ಹುಡುಕಾಟ. ಏಳನೇ ತಿಂಗಳ ಸೀಮಂತದ ಒಳಗೆ ಕಾರು ಮನೆ ಮುಂದೆ ಇರಬೇಕು. ಯಾಕೆಂದರೆ ಸೀಮಂತ ಮುಗಿಯುತ್ತಿದ್ದಂತೆ ಹೆಂಡತಿ ತವರಿಗೆ ಹೋಗುತ್ತಾಳೆ, ಬಾಣಂತನ ಮುಗಿಯುವವರೆಗೂ ನೀವು ವಾರ ವಾರ ಅಲ್ಲಿಗೆ ಓಡಾಡುತ್ತೀರಿ. ನಮ್ಮ ಮನೆಯಲ್ಲಿ ತವರು ತಿಪಟೂರು. ಗುಬ್ಬಿ, ನಿಟ್ಟೂರು ದಾಟಿಕೊಂಡು ಹೋಗುವ ಆ ಹೆದ್ದಾರಿಯಲ್ಲೇ ನನ್ನ ಕಾರಿನ ಮೊದಲ ಕೆಲವು ಸಾವಿರ ಕಿ.ಮೀ. ಓಡಿದ್ದು. ನಿಮ್ಮ ಕಾರು ಮೊದಲ ವರ್ಷ ನಿಜವಾಗಿ ಎಲ್ಲಿ ಓಡುತ್ತದೆ ಅಂತ ಹೀಗೆ ಯೋಚಿಸಿ ನೋಡಿ, ಆಯ್ಕೆ ಅರ್ಧ ಸುಲಭ ಆಗುತ್ತದೆ.

ಆಷಾಢದಲ್ಲಿ ಗಾಡಿ ತರಬಾರದು, ಆಯುಧಪೂಜೆಗೆ ತರೋಣ ಅಂತ ಮನೆಯಲ್ಲಿ ಮಾತು ಬರಬಹುದು. ಒಳ್ಳೆಯ ದಿನ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಹೆರಿಗೆ ದಿನ ಹತ್ತಿರ ಇದ್ದರೆ ಕಾಯಬೇಡಿ. ಆಷಾಢದಲ್ಲಿ ಬುಕ್ ಮಾಡಿ, ರಿಯಾಯಿತಿ ಮಾತಾಡಿ, ಡೆಲಿವರಿ ಮಾತ್ರ ಶ್ರಾವಣದ ಮೊದಲ ವಾರಕ್ಕೆ ಇಟ್ಟುಕೊಳ್ಳಿ. ದೊಡ್ಡವರಿಗೂ ಸಮಾಧಾನ.

ಬೈಕ್ ಮಾರುವುದು

ಶೋರೂಮ್ ಎಕ್ಸ್‌ಚೇಂಜ್ ಸುಲಭ, ಬೆಲೆ ಕಡಿಮೆ. ನನಗೆ ಎಕ್ಸ್‌ಚೇಂಜ್‌ನಲ್ಲಿ ಹೇಳಿದ್ದಕ್ಕಿಂತ ನೇರವಾಗಿ ಮಾರಿದಾಗ 22 ಸಾವಿರ ಜಾಸ್ತಿ ಸಿಕ್ಕಿತು. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಚೈಲ್ಡ್ ಸೀಟ್ ಬರುತ್ತದೆ. ಮಾರುವ ಮುಂಚೆ ಚೈನ್ ತೊಳೆದು ಎಣ್ಣೆ ಬಿಡಿ, ಸರ್ವಿಸ್ ಬಿಲ್‌ಗಳನ್ನು ಒಟ್ಟಿಗೆ ಜೋಡಿಸಿಡಿ, ಬಾಕಿ ಇರುವ ಟ್ರಾಫಿಕ್ ದಂಡ ಕಟ್ಟಿ, ಹೊಗೆ ತಪಾಸಣೆ ಮಾಡಿಸಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸಿಬಿಡಿ. ಜಾಕೆಟ್, ಗ್ಲೌಸ್, ಸ್ಯಾಡಲ್ ಬ್ಯಾಗ್ ಬೈಕ್ ಜೊತೆ ಸುಮ್ನೆ ಕೊಡಬೇಡಿ, ಬೇರೆಯಾಗಿ ಮಾರಿ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಕೊಂಡವನು ಪರಿಚಯದವರ ಕಡೆಯ ಹುಡುಗ. ದುಡ್ಡು ಪೂರ್ತಿ ಕೊಟ್ಟ. ಫಾರಂಗಳಿಗೆ ಸಹಿ ಹಾಕಿ ಕೊಟ್ಟೆ, ಆರ್‌ಸಿ (ನೋಂದಣಿ ಪತ್ರ) ತನ್ನ ಹೆಸರಿಗೆ ತಾನೇ ಮಾಡಿಸಿಕೊಳ್ಳುತ್ತೇನೆ ಅಂದ. ಎರಡು ತಿಂಗಳಾದ ಮೇಲೆ, ಮಗಳಿಗೆ ಇನ್ನೂ ಹನ್ನೊಂದು ದಿನ, ರಾತ್ರಿ ಹೊತ್ತು ನನ್ನ ಮೊಬೈಲಿಗೆ ಸಿಗ್ನಲ್ ಜಂಪ್ ಮಾಡಿದ ದಂಡದ ಮೆಸೇಜ್ ಬಂತು. ಬೈಕ್ ಇನ್ನೂ ನನ್ನ ಹೆಸರಿನಲ್ಲೇ ಇತ್ತು. ದಂಡ ಐನೂರೋ ಸಾವಿರವೋ, ಅದು ದೊಡ್ಡದಲ್ಲ. ಅವನು ಯಾರಿಗಾದರೂ ಗುದ್ದಿದ್ದರೆ? 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಗಾಡಿ ಮಾರಿ ಕೈಬಿಟ್ಟಿದ್ದರೂ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ಹೀಗೆ ಮಾಡಿ. ಬೈಕಿನ ಮೇಲೆ ಸಾಲ ಇತ್ತಾ? ತೀರಿಸಿದರೆ ಸಾಲದು, ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ತಂದು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಮಾರುವಾಗ ಹೆಸರು ಬದಲಾವಣೆಯ ಫಾರಂ 29 ಮತ್ತು ಫಾರಂ 30ಕ್ಕೆ ಸಹಿ ಆಗಬೇಕು. ರಾಜ್ಯದ ಒಳಗೇ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾನೂನಿದೆ. ಖಾಲಿ ಫಾರಂಗೆ ಸಹಿ ಹಾಕಿ ಕೊಡಬೇಡಿ, ಕೊಂಡವರ ಹೆಸರು, ವಿಳಾಸ, ತಾರೀಕು ತುಂಬಿದ ಮೇಲೆ ಹಾಕಿ. ಗಾಡಿ ಕೊಟ್ಟ ದಿನ ಮತ್ತು ಗಂಟೆ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ ಫೋಟೋ ತೆಗೆದಿಡಿ. ಎಲ್ಲಕ್ಕಿಂತ ಸುಲಭದ ದಾರಿ ಅಂದರೆ, ಐದು ಸಾವಿರ ಬಾಕಿ ಉಳಿಸಿಕೊಂಡು, ಆರ್‌ಸಿ ಅವರ ಹೆಸರಿಗೆ ಆದ ದಿನ ಅವರಿಂದ ತೆಗೆದುಕೊಳ್ಳುವುದು. ಎರಡನೇ ಕೀಯನ್ನೂ ಅಲ್ಲಿಯವರೆಗೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ತಾವಾಗಿಯೇ ಓಡಿ ಬರುತ್ತಾರೆ.

ಇನ್ನೊಂದು ವಿಷಯ. ಬೈಕಿನ ಇನ್ಶೂರೆನ್ಸ್‌ನಲ್ಲಿ ಐದು ವರ್ಷ ಕ್ಲೇಮ್ ಮಾಡದೆ 50% ನೋ ಕ್ಲೇಮ್ ಬೋನಸ್ (ಪ್ರೀಮಿಯಂ ರಿಯಾಯಿತಿ) ಕೂಡಿಸಿದ್ದರೂ ಅದು ಕಾರಿಗೆ ಬರುವುದಿಲ್ಲ. ಬೈಕಿನದು ಬೈಕಿಗೆ, ಕಾರಿನದು ಕಾರಿಗೆ. ಶೋರೂಮಿನಲ್ಲಿ ಯಾರಾದರೂ ಬರುತ್ತದೆ ಅಂದರೆ ಬರಹದಲ್ಲಿ ಕೊಡಿ ಅನ್ನಿ.

ದುಡ್ಡಿನ ಲೆಕ್ಕ

ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. 5 ಲಕ್ಷದವರೆಗೆ 13%, 5ರಿಂದ 10 ಲಕ್ಷಕ್ಕೆ 14%, 10ರಿಂದ 20 ಲಕ್ಷಕ್ಕೆ 17%, ಅದರ ಮೇಲೆ 18%. ಸೆಸ್ ಬೇರೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಎಕ್ಸ್ ಶೋರೂಮ್ ಬೆಲೆ 9.95 ಲಕ್ಷ ಇದ್ದರೆ ತೆರಿಗೆ 1,39,300. ಒಂದು ಮೇಲಿನ ವೇರಿಯಂಟ್ 10.10 ಲಕ್ಷ ಅಂದರೆ ತೆರಿಗೆ 1,71,700. ಹದಿನೈದು ಸಾವಿರದ ಅಲಾಯ್ ವೀಲ್ ಆಸೆಗೆ ತೆರಿಗೆಯಲ್ಲೇ 32 ಸಾವಿರ ಹೋಯಿತು. ವೇರಿಯಂಟ್ ಆರಿಸುವ ಮುಂಚೆ ಈ ಗೆರೆ ಎಲ್ಲಿದೆ ನೋಡಿ.

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%, ಅದಕ್ಕಿಂತ ದೊಡ್ಡದಕ್ಕೆ 40%. ಹಾಗಾಗಿ ಚಿಕ್ಕ ಟರ್ಬೊ ಕಾರುಗಳು (ಎಂಜಿನ್‌ಗೆ ಹೆಚ್ಚು ಗಾಳಿ ನೂಕಿ ಶಕ್ತಿ ಹೆಚ್ಚಿಸುವಂಥವು) ಹೊಸದಾಗಿ ಕೊಳ್ಳುವವರಿಗೆ ಈಗ ಒಳ್ಳೆಯ ಲೆಕ್ಕ. ದೊಡ್ಡ ಸೆಡಾನ್ ಬೇಕಾದರೆ ಎರಡು ಮೂರು ವರ್ಷ ಹಳೆಯದನ್ನು ನೋಡಿ, ಯಾಕೆಂದರೆ ಕರ್ನಾಟಕ ನೋಂದಣಿಯ ಹಳೆ ಕಾರಿಗೆ ಜೀವಿತಾವಧಿ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ, ನೀವು ಮತ್ತೆ ಕಟ್ಟಬೇಕಿಲ್ಲ. ದೆಹಲಿ, ಪುದುಚೇರಿ ನಂಬರಿನ ಅಗ್ಗದ ಕಾರು ತಂದರೆ ಆ ತೆರಿಗೆ ನಿಮ್ಮ ತಲೆ ಮೇಲೆ ಬರುತ್ತದೆ. ಕೆಎ-06 ಆಗಲಿ ಬೆಂಗಳೂರಿನದಾಗಲಿ, ಕರ್ನಾಟಕದ್ದೇ ಇರಲಿ.

ಕಂತು ಎಷ್ಟು ಅನ್ನುವುದಕ್ಕೆ ನನ್ನದು ಒಂದೇ ಮಾತು. ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದರೆ ಅವಳ ಸಂಬಳ ಒಂದು ವರ್ಷ ಇಲ್ಲ ಅಂತ ಲೆಕ್ಕ ಹಾಕಿ, ಆಗಲೂ ಕಟ್ಟಬಹುದಾದ ಕಂತು ಮಾತ್ರ ಒಪ್ಪಿಕೊಳ್ಳಿ.

ಹಿಂದಿನ ಸೀಟಿನ ಪರೀಕ್ಷೆ

ಇದೇ ಮುಖ್ಯ ಭಾಗ, ನಿಧಾನವಾಗಿ ಓದಿ.

ಕಾರು ನೋಡಲು ಹೋಗುವ ಮುಂಚೆ ಒಂದು ಚೈಲ್ಡ್ ಸೀಟ್ ಸಂಪಾದಿಸಿ. ಸ್ನೇಹಿತರ ಹತ್ತಿರ ಎರವಲು ಆದರೂ ಸರಿ. ನಾನು ಸಹೋದ್ಯೋಗಿಯೊಬ್ಬರಿಂದ ತಂದು, ಅದರಲ್ಲಿ ಐದು ಕೆಜಿ ಅಕ್ಕಿ ಚೀಲ ಇಟ್ಟು ಬೆಲ್ಟ್ ಕಟ್ಟಿ, ಶೋರೂಮಿನಿಂದ ಶೋರೂಮಿಗೆ ಹೊತ್ತುಕೊಂಡು ಹೋದೆ. ಸೇಲ್ಸ್ ಹುಡುಗರು ಮೊದಲು ಗಲಿಬಿಲಿ ಆದರೂ ಆಮೇಲೆ ಅವರೇ ಹಿಡಿದುಕೊಂಡು ಸಹಾಯ ಮಾಡಿದರು.

ಕೂಸಿನ ಸೀಟ್ ಹಿಮ್ಮುಖವಾಗಿ ಕೂರಬೇಕು, ಅಂದರೆ ಮಗುವಿನ ಮುಖ ಕಾರಿನ ಹಿಂದಕ್ಕೆ. ಹಾಗೆ ಇಟ್ಟಾಗ ಅದು ನೀವು ಅಂದುಕೊಂಡಿದ್ದಕ್ಕಿಂತ ಉದ್ದ ಜಾಗ ತಿನ್ನುತ್ತದೆ. ನನಗೆ ಓಡಿಸಲು ತುಂಬ ಹಿಡಿಸಿದ್ದ ಒಂದು ಹ್ಯಾಚ್‌ಬ್ಯಾಕ್‌ನಲ್ಲಿ ಎಡಗಡೆ ಹಿಂದೆ ಸೀಟ್ ಕೂರಿಸಿದ ಮೇಲೆ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ತಳ್ಳಬೇಕಾಯಿತು ಅಂದರೆ, ಹೆಂಡತಿಯ ಮಂಡಿ ಡ್ಯಾಶ್‌ಬೋರ್ಡಿಗೆ ತಾಗಿತು. ಅವಳು ಏನೂ ಹೇಳಲಿಲ್ಲ. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನನ್ನ ಮುಖ ನೋಡಿದಳು ಅಷ್ಟೇ. ಆ ಕಾರು ಅಲ್ಲಿಗೇ ಬಿಟ್ಟೆ.

ನೋಡಬೇಕಾದದ್ದು ಇಷ್ಟು. ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಚೈಲ್ಡ್ ಸೀಟ್ ಸಿಕ್ಕಿಸುವ ಐಸೋಫಿಕ್ಸ್‌ನ ಎರಡು ಉಕ್ಕಿನ ಕಂಬಿ ಇವೆಯಾ, ಕೈ ಹಾಕಿದರೆ ಸುಲಭವಾಗಿ ಸಿಗುತ್ತವೆಯಾ? ಕೆಲವು ಹಳೆ ಕಾರುಗಳ ಕೆಳಗಿನ ವೇರಿಯಂಟ್‌ಗಳಲ್ಲಿ ಇರುವುದಿಲ್ಲ. ಹಿಂದಿನ ಬಾಗಿಲು ಎಷ್ಟು ಅಗಲ ತೆರೆಯುತ್ತದೆ? ಮಗುವನ್ನು ಎತ್ತಿಕೊಂಡು ಒಳಗೆ ಬಾಗಿದಾಗ ತಲೆ ಬಾಗಿಲ ಮೇಲಿನ ಚೌಕಟ್ಟಿಗೆ ಬಡಿಯುತ್ತದೆಯಾ? ಟಾಟಾ ಆಲ್ಟ್ರೋಜ್ ಬಾಗಿಲು 90 ಡಿಗ್ರಿ ತೆರೆಯುತ್ತದೆ, ಆ ಒಂದು ಅನುಕೂಲ ದಿನಾ ಉಪಯೋಗಕ್ಕೆ ಬರುತ್ತದೆ. ಸ್ಪೋರ್ಟಿ ಮಾಡೆಲ್‌ಗಳಲ್ಲಿ ಒಳಗೆ ಎಲ್ಲ ಕಪ್ಪು ಬಣ್ಣ. ತುಮಕೂರಿನ ಏಪ್ರಿಲ್ ಬಿಸಿಲಿನಲ್ಲಿ ಎರಡು ಗಂಟೆ ನಿಂತ ಕಾರಿನ ಕಪ್ಪು ಸೀಟ್ ಮುಟ್ಟಿ ನೋಡಿ, ಹಿಂದೆ ಎಸಿ ಗಾಳಿ ಬರುವ ಕಿಂಡಿ ಯಾಕೆ ಬೇಕು ಗೊತ್ತಾಗುತ್ತದೆ. ಡಿಕ್ಕಿಯಲ್ಲಿ ಮಡಚಿದ ಸ್ಟ್ರೋಲರ್, ಒಂದು ಬಟ್ಟೆ ಬ್ಯಾಗ್, ಅತ್ತೆ ಕಳಿಸುವ ತೆಂಗಿನಕಾಯಿ ಚೀಲ ಹಿಡಿಯಬೇಕು.

ಗರ್ಭಿಣಿ ಹೆಂಡತಿಯನ್ನೇ ಹತ್ತಿ ಇಳಿಯಲು ಹೇಳಿ. ತುಂಬ ತಗ್ಗಿನ ಗಾಡಿಯಿಂದ ಏಳಲು ಅವಳು ಬಾಗಿಲ ಚೌಕಟ್ಟು ಹಿಡಿದು ಎಳೆದುಕೊಳ್ಳಬೇಕಾದರೆ, ಹೊಲಿಗೆ ಹಾಕಿದ ಬಾಣಂತಿಗೆ ಅದು ಇನ್ನೂ ಕಷ್ಟ.

ಆಮೇಲೆ ಸ್ಟಾರ್‌ಗಳು, ಅಂದರೆ ಕಾರನ್ನು ಬೇಕೆಂದೇ ಗುದ್ದಿಸಿ ನೋಡುವ ಸುರಕ್ಷತಾ ಪರೀಕ್ಷೆಯಲ್ಲಿ ಐದಕ್ಕೆ ಕೊಡುವ ಅಂಕ. ಗ್ಲೋಬಲ್ ಎನ್‌ಕ್ಯಾಪ್ ಮತ್ತು 2023ರ ಅಕ್ಟೋಬರ್‌ನಿಂದ ನಮ್ಮ ಭಾರತ್ ಎನ್‌ಕ್ಯಾಪ್ ಎರಡರಲ್ಲೂ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರ್ ಕೊಡುತ್ತಾರೆ. ಜಾಹೀರಾತಿನಲ್ಲಿ ಹೆಚ್ಚಾಗಿ ಮೊದಲನೆಯದು ಕಾಣುತ್ತದೆ, ನಿಮಗೆ ಎರಡನೆಯದು ಬೇಕು. 2020ರ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಆಲ್ಟ್ರೋಜ್‌ಗೆ ದೊಡ್ಡವರಿಗೆ 5, ಮಕ್ಕಳಿಗೆ 3 ಬಂದಿತ್ತು. 2023ರಲ್ಲಿ ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾಗೆ ಎರಡರಲ್ಲೂ 5 ಬಂತು. ನನ್ನ ಪಟ್ಟಿ ಅಲ್ಲಿಂದ ಚಿಕ್ಕದಾಯಿತು.

ಈಗ ಸ್ಟೀರಿಂಗ್ ಕಡೆಗೆ ಬನ್ನಿ

ಬೈಕಿನಿಂದ ಬಂದವರಿಗೆ ಮೊದಲ ದಿನ ಯಾವ ಕಾರೂ ನಿಧಾನ ಅನ್ನಿಸುತ್ತದೆ. ಕಾರಣ ತೂಕ. ಡ್ಯೂಕ್ 390ರಲ್ಲಿ ಸುಮಾರು 43 ಪಿಎಸ್ (ಅಶ್ವಶಕ್ತಿ), ಓಡಿಸುವವನನ್ನೂ ಸೇರಿಸಿ ತೂಕ ಹೆಚ್ಚುಕಮ್ಮಿ 240 ಕೆಜಿ. 120 ಪಿಎಸ್‌ನ ಟರ್ಬೊ ಹ್ಯಾಚ್‌ಬ್ಯಾಕ್ ಅದರ ಐದು ಪಟ್ಟು ತೂಗುತ್ತದೆ. ನೇರ ರಸ್ತೆಯಲ್ಲಿ ಬೈಕಿನ ಎಳೆತ ಕಾರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಹುಡುಕಲೂ ಬೇಡಿ. ಕಾರಿನ ಖುಷಿ ಬೇರೆ ಕಡೆ ಇದೆ. ತಿರುವಿನಲ್ಲಿ ಸ್ಟೀರಿಂಗ್ ಕೈಗೆ ಏನು ಹೇಳುತ್ತದೆ, ಗೇರ್ ಹೇಗೆ ಬೀಳುತ್ತದೆ, ಬ್ರೇಕ್ ಎಷ್ಟು ನಂಬಿಕೆ ಕೊಡುತ್ತದೆ, ಎರಡನೇ ಗೇರಿನಲ್ಲಿ ಏರು ಹತ್ತುವಾಗ ಟರ್ಬೊ ಎಷ್ಟು ಬೇಗ ಎಚ್ಚರವಾಗುತ್ತದೆ, ಇವೆಲ್ಲ.

ನಾನು ಓಡಿಸಿ ನೋಡಿದವುಗಳಲ್ಲಿ ನೆನಪಿರುವುದು ಹ್ಯುಂಡೈ ಐ20 ಎನ್ ಲೈನ್, 1.0 ಟರ್ಬೊ, 120 ಪಿಎಸ್. ಆಲ್ಟ್ರೋಜ್ ರೇಸರ್, ಅದೂ 120 ಪಿಎಸ್, ಆರು ಗೇರ್. ವರ್ಟಸ್ 1.0 ಟಿಎಸ್‌ಐ 115 ಪಿಎಸ್, ಅದರ ಅಣ್ಣ 1.5 ಆದರೆ 150 ಪಿಎಸ್. ಹಳೆಯ ಪೋಲೋ ಜಿಟಿ ಟಿಎಸ್‌ಐ ಇಂದಿಗೂ ಮನಸ್ಸು ಕದಿಯುತ್ತದೆ, ಆದರೆ ಅದರ ಹಿಂದಿನ ಸೀಟ್ ಇಕ್ಕಟ್ಟು, ಮಗುವಿನ ಮನೆಗೆ ಬೇಡ.

ಟೆಸ್ಟ್ ಡ್ರೈವ್ ಅಂತ ಶೋರೂಮಿನವರು ಹೆದ್ದಾರಿಯಲ್ಲಿ ಮೂರು ಕಿ.ಮೀ. ತೋರಿಸಿ ವಾಪಸ್ ತರುತ್ತಾರೆ. ಒಪ್ಪಬೇಡಿ. ನಿಮ್ಮ ದಾರಿ ನೀವೇ ಹೇಳಿ. ನಮ್ಮದು ಹೀಗಿತ್ತು. ಬಟವಾಡಿ ಕಡೆಯಿಂದ ಸರ್ವಿಸ್ ರಸ್ತೆಯ ಹಂಪ್‌ಗಳ ಮೇಲೆ ಕ್ಯಾತ್ಸಂದ್ರದವರೆಗೆ, ಹೆಂಡತಿ ಹಿಂದಿನ ಸೀಟಿನಲ್ಲಿ. ಅಲ್ಲಿ ತಟ್ಟೆ ಇಡ್ಲಿ ತಿಂದು, ಅವಳನ್ನು ಕೇಳಿದೆ, ಬೆನ್ನು ಹೇಗಿದೆ ಅಂತ. ಸ್ಪೋರ್ಟಿ ಕಾರುಗಳ ಸಸ್ಪೆನ್ಷನ್ ಗಟ್ಟಿ, ಟೈರಿನ ಗೋಡೆ ತೆಳು. ಮುಂದೆ ಕೂತವರಿಗೆ ಗೊತ್ತಾಗದ ಏಟು ಹಿಂದೆ ಕೂತವರಿಗೆ ಗೊತ್ತಾಗುತ್ತದೆ. ಆಮೇಲೆ ನಾನೊಬ್ಬನೇ ಸೇಲ್ಸ್ ಹುಡುಗನ ಜೊತೆ ದೇವರಾಯನದುರ್ಗದ ತಿರುವುಗಳಿಗೆ. ವರ್ಷಗಟ್ಟಲೆ ಬೈಕಿನಲ್ಲಿ ಹತ್ತಿದ ಬೆಟ್ಟ ಅದು. ಯಾವ ತಿರುವಿನಲ್ಲಿ ಮರಳು ಇರುತ್ತದೆ ಅಂತಲೂ ಗೊತ್ತು. ವರ್ಟಸ್ ಮ್ಯಾನುಯಲ್ ಅಲ್ಲಿ ನನಗೆ ಹಿಡಿಸಿತು, ಕೆಳಗೆ ಹೆಂಡತಿಗೆ ಬೆನ್ನು ನೋಯಲಿಲ್ಲ. ಎರಡು ವರ್ಷ ಹಳೆಯ 1.0 ಹುಡುಕಿ ತಂದೆವು.

ಆಟೋಮ್ಯಾಟಿಕ್ ಬೇಕು ಅನ್ನುವವರು ಒಂದು ಗಮನಿಸಿ. ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಡ್ಯೂಯಲ್ ಕ್ಲಚ್ ಗೇರ್‌ಬಾಕ್ಸ್ ತೆವಳುವ ಟ್ರಾಫಿಕ್‌ನಲ್ಲಿ ಬಿಸಿ ಆಗುತ್ತದೆ. ದಿನಾ ನೆಲಮಂಗಲ ದಾಟಿ ಬೆಂಗಳೂರಿಗೆ ಹೋಗಿ ಬರುವವರಾದರೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ವಾಸಿ.

ಹಳೆ ಕಾರು ಕೊಳ್ಳುವಾಗ ಇಗ್ನಿಷನ್ ಆನ್ ಮಾಡಿ ಏರ್‌ಬ್ಯಾಗ್ ದೀಪ ನೋಡಿ. ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ದೀಪವನ್ನೇ ಕಿತ್ತಿದ್ದಾರೆ ಅಂತ ಅನುಮಾನಿಸಿ. ಹಿಂದಿನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಕಲೆ ಇದ್ದರೆ ಆ ಗಾಡಿ ನೀರಿನಲ್ಲಿ ಮುಳುಗಿದ್ದಿರಬಹುದು. ಬಿಟ್ಟು ಬನ್ನಿ.

ಚೈಲ್ಡ್ ಸೀಟ್ ಕೂರಿಸುವುದು

ಮಗು ಹುಟ್ಟುವ ಮುಂಚೆ ಮಗುವಿನ ಸಾಮಾನು ತರಬಾರದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ನನ್ನ ಅತ್ತೆ ಸೀಟ್ ನೋಡಿ, "ಅಳಿಯಂದ್ರೆ, ಇದೆಲ್ಲ ಈಗಲೇ ಯಾಕೆ, ಮೊದಲು ಸುಸೂತ್ರವಾಗಿ ಆಗಲಿ" ಅಂದರು. ಅವರ ಭಯ ನಿಜವಾದದ್ದು, ವಾದ ಮಾಡಲಿಲ್ಲ. "ಅತ್ತೆ, ಇದು ಮಗುವಿನ ಸಾಮಾನಲ್ಲ, ಕಾರಿನ ಸಾಮಾನು" ಅಂದೆ. ಡಬ್ಬ ನಮ್ಮ ತುಮಕೂರಿನ ಮನೆಯಲ್ಲೇ ಇತ್ತು, ನಾನು ಒಬ್ಬನೇ ಭಾನುವಾರಗಳಂದು ಕೂರಿಸಿ ತೆಗೆದು ಅಭ್ಯಾಸ ಮಾಡಿದೆ. ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು. ಆಸ್ಪತ್ರೆ ಬಾಗಿಲಲ್ಲಿ ಆ ನಲವತ್ತು ನಿಮಿಷ ನಿಮಗೆ ಸಿಗುವುದಿಲ್ಲ.

ಸೀಟಿನ ಮೇಲೆ ಕಿತ್ತಳೆ ಬಣ್ಣದ ಸ್ಟಿಕರ್‌ನಲ್ಲಿ ಆರ್44 ಅಥವಾ ಆರ್129 ಅಂತ ಸುರಕ್ಷತಾ ನಿಯಮದ ಗುರುತು ಇರಬೇಕು. ಎರಡನೆಯದು ಹೊಸ ನಿಯಮ, ಅದರ ಪ್ರಕಾರ 15 ತಿಂಗಳವರೆಗಾದರೂ ಮಗು ಹಿಮ್ಮುಖವಾಗಿಯೇ ಕೂರಬೇಕು. ಐಸೋಫಿಕ್ಸ್ ಕೊಂಡಿಗಳು ಕಂಬಿಗೆ ಟಕ್ ಅಂತ ಕೂರಬೇಕು, ಹಸಿರು ಗುರುತು ಕಾಣಬೇಕು. ಬುಡ ಹಿಡಿದು ಅಲುಗಾಡಿಸಿ, ಎರಡೂವರೆ ಸೆಂ.ಮೀ.ಗಿಂತ ಜಾಸ್ತಿ ಆಡಬಾರದು. ಮಗುವಿನ ಭುಜದ ಹತ್ತಿರ ಬೆಲ್ಟನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕರೆ ಸಡಿಲ ಇದೆ. ಟೋಪಿ, ಸ್ವೆಟರ್, ದಪ್ಪ ಬಟ್ಟೆ ಸುತ್ತಿದ ಮೇಲೆ ಬೆಲ್ಟ್ ಕಟ್ಟಬೇಡಿ. ಮೊದಲು ಬೆಲ್ಟ್, ಅದರ ಮೇಲೆ ಹೊದಿಕೆ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಎದುರಿಗೆ ಹಿಮ್ಮುಖ ಸೀಟ್ ಇಡಲೇಬೇಡಿ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ನೇರ ಮಗುವಿನ ತಲೆಯ ಹಿಂದಕ್ಕೆ ಹೊಡೆಯುತ್ತದೆ.

ತೊಡೆ ಮೇಲೆ ಕೂರಿಸಿಕೊಂಡರೆ ಏನಾಗುತ್ತದೆ, ನಾವೆಲ್ಲ ಹಾಗೇ ಬೆಳೆದವರಲ್ವಾ ಅಂತ ಮನೆಯಲ್ಲಿ ಕೇಳುತ್ತಾರೆ. ನಾನು ಲೆಕ್ಕ ಹೇಳಿದೆ. 50 ಕಿ.ಮೀ. ವೇಗದಲ್ಲಿರುವ ಕಾರು ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ನಾಲ್ಕು ಕೆಜಿ ಕೂಸು ಕೈಯಿಂದ 55 ಕೆಜಿ ಮೂಟೆಯಷ್ಟು ಬಲವಾಗಿ ಕಿತ್ತುಕೊಂಡು ಹೋಗುತ್ತದೆ. ಯಾವ ಅಜ್ಜಿಯ ಕೈಯೂ ಹಿಡಿಯಲಾರದು. ಇದನ್ನು ಕೇಳಿದ ಮೇಲೆ ಅತ್ತೆ ಮತ್ತೆ ಮಾತಾಡಲಿಲ್ಲ, ಈಗ ಬೆಲ್ಟ್ ಸರಿ ಇದೆಯಾ ಅಂತ ಅವರೇ ಚಿವುಟಿ ನೋಡುತ್ತಾರೆ. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕೂರಿಸಿದರೆ ಕಾನೂನಿನಲ್ಲಿ ಸಾವಿರ ರೂಪಾಯಿ ದಂಡವೂ ಇದೆ.

ಹೊಸ ಕೂಸನ್ನು ಸೀಟಿನಲ್ಲಿ ತುಂಬ ಹೊತ್ತು ಬಿಡಬೇಡಿ, ಕತ್ತು ಮುಂದಕ್ಕೆ ಬಾಗಿ ಉಸಿರಾಟಕ್ಕೆ ತೊಂದರೆ ಆಗಬಹುದು. ಮೊದಲ ವಾರಗಳಲ್ಲಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಎತ್ತಿಕೊಳ್ಳುವುದು ಒಳ್ಳೆಯದು. ಹೆರಿಗೆ ಆಗಿದ್ದು ತುಮಕೂರಲ್ಲಿ. ಅಲ್ಲಿಂದ ತಿಪಟೂರಿಗೆ ಮಗಳನ್ನು ಕರೆದೊಯ್ದ ದಿನ ನಾವು ಗುಬ್ಬಿ ದಾಟಿ ಒಂದು ಸಲ, ಮುಂದೆ ಇನ್ನೊಂದು ಸಲ ಮರದ ನೆರಳಲ್ಲಿ ನಿಲ್ಲಿಸಿದೆವು.

ಬೈಕಿನವರ ಕಣ್ಣು ಕಾರಿನಲ್ಲಿ ತುಂಬ ಉಪಯೋಗ. ಮುಂದಿನ ಎರಡು ಮೂರು ಗಾಡಿ ಆಚೆ ನೋಡುವ ಅಭ್ಯಾಸ, ಕನ್ನಡಿ ನೋಡುವ ಅಭ್ಯಾಸ ಬಿಡಬೇಡಿ. ಬಿಡಬೇಕಾದದ್ದು ಸಂದಿಯಲ್ಲಿ ನುಗ್ಗುವುದು. ಕಾರಿನ ಎಡ ಅಂಚು ಎಲ್ಲಿದೆ ಅಂತ ಕೈಗೆ ಬರಲು ಒಂದು ತಿಂಗಳು ಬೇಕು, ಅಮಾನಿಕೆರೆ ಪಕ್ಕದ ಖಾಲಿ ರಸ್ತೆಯಲ್ಲಿ ಬೆಳಗ್ಗೆ ಆರಕ್ಕೆ ಹೋಗಿ ಕಲಿಯಿರಿ. ಮುಂದಿನ ಗಾಜಿನ ಪಕ್ಕದ ಕಂಬದ ಮರೆಯಲ್ಲಿ ಒಂದು ಇಡೀ ಬೈಕ್ ಅಡಗುತ್ತದೆ, ತಿರುಗುವ ಮುಂಚೆ ತಲೆ ಮುಂದಕ್ಕೆ ಬಗ್ಗಿಸಿ ನೋಡಿ. ನೀವೇ ಇಷ್ಟು ದಿನ ಆ ಬೈಕಿನಲ್ಲಿ ಇದ್ದವರು.

ಈಗ ತಿಂಗಳಿಗೊಂದು ಭಾನುವಾರ, ಮಗಳು ಏಳುವ ಮುಂಚೆ, ನಾನೊಬ್ಬನೇ ದೇವರಾಯನದುರ್ಗಕ್ಕೆ ಹೋಗಿ ಬರುತ್ತೇನೆ. ಕಿಟಕಿ ಇಳಿಸಿ, ಎರಡನೇ ಗೇರ್. ಹಿಂದಿನ ಚೈಲ್ಡ್ ಸೀಟನ್ನು ತೆಗೆಯುವುದಿಲ್ಲ. ಕನ್ನಡಿಯಲ್ಲಿ ಅದು ಕಾಣುತ್ತಿರುತ್ತದೆ, ಬೆಲ್ಟಿಗೆ ಅವಳ ಬಾಯಿಯ ಜೊಲ್ಲು ಒಣಗಿದ ಕಲೆ. ಏಳೂವರೆಗೆ ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ನಿಲ್ಲಿಸಿ ಮನೆಗೆ ಇಡ್ಲಿ ಕಟ್ಟಿಸಿಕೊಳ್ಳುತ್ತೇನೆ.